ಮದುವೆ ಮನೆಯ ಮೈಕ್ ಯಾರ ಕೈಗೂ ಸುಮ್ನೆ ಕೊಡಬೇಡಿ

ತುಳಸಿ ಲಗ್ನ ಮುಗಿಯಿತು. ಇನ್ನು ನಮ್ಮ ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆ ಕಲ್ಯಾಣ ಮಂಟಪ ಸಿಗುವುದೇ ಕಷ್ಟ. ನಮ್ಮ ಮನೆಗೂ ಆಗಲೇ ಐದಾರು ಲಗ್ನಪತ್ರಿಕೆ ಬಂದಿವೆ. ನಿಮ್ಮ ಮನೆಯಲ್ಲೂ ಈ ಸಲ ಮದುವೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ಬೇಸಿಗೆಯಲ್ಲಿ ನನ್ನ ತಂಗಿಯ ಮದುವೆಯಲ್ಲಿ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು.

ಎಲ್ಲದಕ್ಕೂ ಒಬ್ಬೊಬ್ಬರನ್ನು ಹಚ್ಚಿದ್ದೆವು. ಅಡುಗೆಯವರ ಹತ್ತಿರ ಕಾಕಾ ನಿಂತಿದ್ದ. ಗೋಧಿ ಹುಗ್ಗಿಗೆ ತುಪ್ಪ ಕಡಿಮೆ ಬಿತ್ತು ಅಂತ ಯಾರೂ ಅನ್ನಬಾರದು ಅಂತ ಬೆಳಗಿನ ನಾಲ್ಕಕ್ಕೇ ಎದ್ದಿದ್ದ. ಬೀಗರಿಗೆ ಕೊಟ್ಟ ರೂಮುಗಳ ಕೀಲಿ ಅತ್ತೆಯ ಮಗನ ಹತ್ತಿರ. ಆಹೇರಿ ಬರೆಯಲು ಇಬ್ಬರು ಹುಡುಗರು. ಬಸ್ಸಿನವರಿಗೆ ದಾರಿ ಹೇಳಲು ಒಬ್ಬ. ಮೈಕ್ ನೋಡಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ಅದಕ್ಕೂ ಒಬ್ಬರು ಬೇಕು ಅಂತ ನಮಗೆ ಹೊಳೆಯಲೇ ಇಲ್ಲ.

ಅಕ್ಕಿಕಾಳು ಬಿದ್ದವು. ಅಯ್ಯನವರು ತಮ್ಮ ಮೈಕ್ ಬಂದ್ ಮಾಡಿ ಕೆಳಗಿಳಿದರು. ಇನ್ನೊಂದು ಕಾರ್ಡ್‌ಲೆಸ್ ಮೈಕ್ ವೇದಿಕೆ ಪಕ್ಕದ ಕುರ್ಚಿ ಮೇಲೆ ಹೂವಿನ ಹಾರಗಳ ನಡುವೆ ಬಿದ್ದಿತ್ತು. ಅದರ ಹಸಿರು ದೀಪ ಉರಿಯುತ್ತಲೇ ಇತ್ತು. ಅಪ್ಪನ ಹಳೆಯ ಗೆಳೆಯರೊಬ್ಬರು ಅದನ್ನು ಎತ್ತಿಕೊಂಡರು. ನಮ್ಮೂರಿನ ಹಿರಿಯರು ಅವರು, ನಾನು ಅವರ ಹೆಗಲ ಮೇಲೆ ಕೂತು ಜಾತ್ರೆ ನೋಡಿದವನು. "ತಮ್ಮಾ, ಒಂದೆರಡು ಮಾತಾಡ್ತೀನಿ. ನಿಮ್ಮಪ್ಪಂದು ನಂದು ಐವತ್ತು ವರ್ಷದ ದೋಸ್ತಿ" ಅಂದರು. "ಮಾತಾಡ್ರಿ ಕಾಕಾ" ಅಂದವನು ನಾನೇ.

ಮೊದಲ ಐದು ನಿಮಿಷ ಚೆನ್ನಾಗೇ ಇತ್ತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ಗೊತ್ತು. ಅಲ್ಲಿಂದ ಶುರು ಮಾಡಿದರು. ಮುಂದೆ ಕೂತವರಲ್ಲಿ ಅರ್ಧ ಜನ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆಯುವವರು. ಗೇಟಿನ ಮಾತು ಬಂದ ಕೂಡಲೇ ಎಲ್ಲರೂ ತಲೆಯಾಡಿಸಿದರು. ಅವರು ತಲೆಯಾಡಿಸಿದಷ್ಟೂ ಇವರಿಗೆ ಹುಮ್ಮಸ್ಸು ಬಂತು. ಮಾತು ಡ್ಯಾಂನಿಂದ ನಮ್ಮ ಹೊಲಕ್ಕೆ ಬಂತು, ಹೊಲದಿಂದ ಅಪ್ಪನ ಸಾಲಕ್ಕೆ.

"ಇಂಥಾ ಕಷ್ಟದಾಗೂ ನನ್ನ ದೋಸ್ತ ಎರಡು ಎಕರೆ ಮಾರಿ, ಐದು ತೊಲಿ ಬಂಗಾರ ಹಾಕಿ ಮಗಳ ಲಗ್ನ ಮಾಡ್ಯಾನ. ಮೊದಲಿನ ಸಂಬಂಧ ಮುರಿದಾಗ ಅವ ಎಷ್ಟು ಅತ್ತಾನ ಅನ್ನೋದು ನನಗ ಗೊತ್ತೈತಿ. ಅಂಥಾ ಹೊತ್ತಿನ್ಯಾಗ ಈ ಬೀಗರು ದೊಡ್ಡ ಮನಸ್ಸು ಮಾಡಿ ನಮ್ಮ ಹುಡುಗೀನ ಒಪ್ಪಿಕೊಂಡ್ರು."

ಅವರ ಕಣ್ಣಲ್ಲಿ ನೀರಿತ್ತು. ಅಪ್ಪನನ್ನು ಹೊಗಳುತ್ತಿದ್ದೇನೆ ಅಂತಲೇ ಅವರು ತಿಳಿದಿದ್ದರು.

ನಿಜ ಏನು ಅಂದರೆ, ಎರಡು ಎಕರೆ ಮಾರಿದ್ದು ಹಳೆಯ ಬೆಳೆ ಸಾಲಕ್ಕೆ, ಮದುವೆಗಲ್ಲ. ಬಂಗಾರ ಅಜ್ಜಿಯದು, ಅಮ್ಮನದು. ಅಜ್ಜಿ ತಾನೇ ಮೊಮ್ಮಗಳ ಕೊರಳಿಗೆ ಹಾಕಿದ್ದು. ಬೀಗರು ಒಂದು ರೂಪಾಯಿ ಕೇಳಿರಲಿಲ್ಲ. ಮೊದಲಿನ ನಿಶ್ಚಯ ಮುರಿದ ವಿಷಯವನ್ನು ನಾವೇ ಅವರ ಮನೆಗೆ ಹೋಗಿ ಕೂತು ಹೇಳಿದ್ದೆವು. ಹುಡುಗನಿಗೂ ಅವನ ಅಪ್ಪ ಅಮ್ಮನಿಗೂ ಗೊತ್ತಿತ್ತು. ಆದರೆ ಅವರ ಎರಡು ಬಸ್ಸಿನ ಬಳಗಕ್ಕೆ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ಅರ್ಧ ನಿಮಿಷದಲ್ಲಿ ನನ್ನ ತಂಗಿ ಯಾರೋ ಬಿಟ್ಟ ಹುಡುಗಿ ಆದಳು, ಬೀಗರು ಹೊಲ ಮಾರಿಸಿ ಬಂಗಾರ ಇಸಿದುಕೊಂಡವರಾದರು.

ನಾನು ಯಾಕೆ ನಿಲ್ಲಿಸಲಿಲ್ಲ ಅಂತ ಎಷ್ಟೋ ಜನ ಕೇಳಿದ್ದಾರೆ. ಎಪ್ಪತ್ತು ವರ್ಷದ ಹಿರಿಯರ ಕೈಯಿಂದ ಆರುನೂರು ಜನರ ಎದುರು ಮೈಕ್ ಕಸಿದುಕೊಳ್ಳುವುದು ಹೇಗೆ? ಕೈ ಮುಂದೆ ಹೋಗಲೇ ಇಲ್ಲ. ಆಗ ಸೌಂಡ್ ಸಿಸ್ಟಂ ಹುಡುಗ ಮಿಕ್ಸರ್ ಹಿಂದಿನಿಂದ ನನ್ನ ಕಡೆ ನೋಡುತ್ತಿದ್ದ. ಅಂಗೈ ಕೆಳಗೆ ಮಾಡಿ ನಿಧಾನಕ್ಕೆ ಇಳಿಸಿ ತೋರಿಸುತ್ತಿದ್ದ. ಒಂದು ಸಲ, ಎರಡು ಸಲ, ಮೂರು ಸಲ. ನನಗೆ ಕೂತುಕೋ ಅನ್ನುತ್ತಿದ್ದಾನೆ ಅಂತ ನಾನು ತಿಳಿದೆ. ದನಿ ಇಳಿಸಲಾ ಅಂತ ಅವನು ಕೇಳುತ್ತಿದ್ದ. ಒಂದು ಸಣ್ಣ ಗುಂಡಿಯನ್ನು ಕೆಳಗೆ ಎಳೆದಿದ್ದರೆ ಮುಗಿಯುತ್ತಿತ್ತು. ಮನೆಯವರು ಹೇಳದೆ ಅವನು ಮಾಡುವಂತಿರಲಿಲ್ಲ, ಅದು ಅವನ ತಪ್ಪಲ್ಲ. ಕೊನೆಗೆ ನಮ್ಮ ಸೋದರಮಾವ ಓಡಿ ಹೋಗಿ ಭಜಂತ್ರಿಯವರಿಗೆ ಬಾರಿಸಲು ಹೇಳಿದ. ಸನಾದಿ, ಡೋಲು ಒಮ್ಮೆಲೇ ಶುರುವಾದ ಮೇಲೆ ಮಾತು ನಿಂತಿತು.

ಅಪ್ಪ ಮುಂದಿನ ಸಾಲಲ್ಲೇ ಕೂತಿದ್ದ. ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಸುತ್ತುತ್ತಿದ್ದ.

ಊಟದ ಹಾಲ್‌ನಲ್ಲಿ ಹುಡುಗನ ಅಪ್ಪ ಎಲೆ ಮುಂದೆ ಕೂತರೂ ಕೈ ಹಾಕಲಿಲ್ಲ. "ಬೀಗರ, ನಾವು ನಿಮ್ಮನ್ನ ಏನರ ಕೇಳಿದ್ವೇನು?" ಅಂತ ಅಷ್ಟೇ ಕೇಳಿದರು. ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ವಾಸಿ ಇತ್ತು. ಅವರ ಮಗ ಸರ್ಕಾರಿ ನೌಕರ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯಿಂದಲೇ ಅಪರಾಧ. ಸರ್ಕಾರಿ ನೌಕರರಿಗೆ ನಡತೆ ನಿಯಮದಲ್ಲೂ ಅದಕ್ಕೆ ಅವಕಾಶವಿಲ್ಲ. ಯಾರಾದರೂ ಆ ಮಾತನ್ನು ಹಿಡಿದು ಒಂದು ಅರ್ಜಿ ಬರೆದರೆ ಏನು ಗತಿ? ಅವರ ಭಯ ಸುಳ್ಳಲ್ಲ ಅಲ್ವಾ? ಮೈಕ್‌ನಲ್ಲಿ ಆಡುವ ಮಾತಿಗೆ ಇಷ್ಟು ಭಾರ ಇರುತ್ತದೆ ಅಂತ ನಾನು ಅವತ್ತು ಕಲಿತೆ.

ಇನ್ನೊಂದು ಮಾತು ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ. ನಮ್ಮ ಕಡೆ ಮದುಮಗಳು ಒಡಪು ಹಾಕಿ ಗಂಡನ ಹೆಸರು ಹೇಳಬೇಕು. ಅಜ್ಜಿ ಎಂಟು ದಿನದಿಂದ ತಂಗಿಗೆ ಒಂದು ಹೊಸ ಒಡಪು ಕಟ್ಟಿಕೊಟ್ಟು ಕಲಿಸಿದ್ದಳು. ರೊಟ್ಟಿ ಬಡಿಯುತ್ತಾ ಇಬ್ಬರೂ ಹೇಳಿಕೊಳ್ಳುತ್ತಿದ್ದರು, ನಗುತ್ತಿದ್ದರು. ಊಟ ಆದ ಮೇಲೆ ಹೆಣ್ಣುಮಕ್ಕಳು ಸುತ್ತ ಸೇರಿ "ಹೆಸರು ಹೇಳವಾ" ಅಂದರು. ತಂಗಿ ಬಾಯಿ ತೆರೆದಳು. ಮೊದಲ ಪದ ಬಂತು, ಎರಡನೆಯದು ಬರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಯಾರೋ "ನಾಚಿಕೊಂಡ್ಳು" ಅಂದರು. ಅದು ನಾಚಿಕೆ ಆಗಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಬೆಂಗಳೂರಿನಲ್ಲಿರುವ ಬಂಧುಗಳು ನೋಡಲಿ ಅಂತ ಯೂಟ್ಯೂಬ್ ಲೈವ್ ಇಡಿಸಿದ್ದೆವು. ಚಾನೆಲ್ ವಿಡಿಯೋದವನದು. ಲಿಂಕ್ ಇದ್ದವರು ಮಾತ್ರ ನೋಡುವ ಹಾಗೆ 'ಅನ್‌ಲಿಸ್ಟೆಡ್' ಇಡಬಹುದಿತ್ತು, ಅವನು ಎಲ್ಲರಿಗೂ ಕಾಣುವ ಹಾಗೆ ಬಿಟ್ಟಿದ್ದ. ನಾವೂ ಕೇಳಿರಲಿಲ್ಲ. ಸಂಜೆ ಫೋನ್ ಮಾಡಿದರೆ ಎತ್ತಲಿಲ್ಲ, ಇನ್ನೊಂದು ಮದುವೆಯಲ್ಲಿದ್ದ. ಮರುದಿನ ಬೆಳಿಗ್ಗೆ ಅವನ ಅಂಗಡಿ ಬಾಗಿಲು ತೆಗೆಯುವ ಮೊದಲೇ ನಾನು ಹೋಗಿ ನಿಂತಿದ್ದೆ. ಎರಡು ನಿಮಿಷದ ಕೆಲಸ ಅದು. ಆದರೆ ಅಷ್ಟರಲ್ಲಿ ಯಾರೋ ಆ ಅರ್ಧ ನಿಮಿಷವನ್ನು ಕತ್ತರಿಸಿ ಸ್ಟೇಟಸ್ ಇಟ್ಟಿದ್ದರು. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ತಾನೇ ಹೋಗುತ್ತದೆ ನಿಜ. ಇಳಿಸಿಕೊಂಡವರ ಫೋನಿನಿಂದ ಹೋಗುವುದಿಲ್ಲ. ಗ್ರೂಪಿಗೆ ಕಳಿಸಿದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಕೈ ಮುಗಿದು, ಎಲ್ಲರಿಗೂ ಅಳಿಸುವ ಹಾಗೆ ಡಿಲೀಟ್ ಮಾಡಿ ಅಂತ ಕೇಳಿಕೊಂಡೆ. ಅದಕ್ಕೂ ಎರಡು ದಿನ ಚಿಲ್ಲರೆ ಮಾತ್ರ ಅವಕಾಶ, ಆಮೇಲೆ ಆಗುವುದಿಲ್ಲ. ಹಾಗಾಗಿ ಇಂಥದ್ದು ಏನಾದರೂ ಆದರೆ "ನಾಳೆ ನೋಡೋಣ" ಅನ್ನಬೇಡಿ. ಅವತ್ತು ರಾತ್ರಿಯೇ ಕೂತು ಮಾಡಿ.

ಈಗ ನಾನು ಬಂಧುಗಳ ಮದುವೆಗೆ ಹೋದಾಗ ಮೊದಲು ಸೌಂಡ್ ಹುಡುಗನನ್ನು ಹುಡುಕುತ್ತೇನೆ. ನೀವೂ ಹಾಗೇ ಮಾಡಿ. ಅವನಿಗೆ ಮನೆಯ ಕಡೆಯಿಂದ ಒಬ್ಬರನ್ನು ತೋರಿಸಿ. "ಇವರು ತಲೆ ಮುಟ್ಟಿಕೊಂಡರೆ ದನಿ ಇಳಿಸು" ಅಂತ ಹೇಳಿಬಿಡಿ, ಅವನು ಯಾರನ್ನೂ ಕೇಳಬೇಕಾಗಿಲ್ಲ. ಕಾರ್ಡ್‌ಲೆಸ್ ಮೈಕ್ ಆ ಒಬ್ಬರ ಕೈಯಲ್ಲೇ ಇರಲಿ, ಕುರ್ಚಿ ಮೇಲೆ ಬೇಡ. ಆ ಕೆಲಸಕ್ಕೆ ಮದುಮಗಳ ಅಣ್ಣ ತಮ್ಮಂದಿರು ಬೇಡ, ಅವರಿಗೆ ನೂರೆಂಟು ಕೆಲಸ, ಮನಸ್ಸೂ ಮೆತ್ತಗಿರುತ್ತದೆ. ಸೋದರತ್ತೆಯ ಗಂಡನೋ, ಊರಿನ ಮೇಷ್ಟ್ರೋ, ಹಿರಿಯರಿಗೂ ನಯವಾಗಿ "ಸಾಕ್ರಿ" ಅನ್ನಬಲ್ಲವರು ಬೇಕು. ಮಾತಾಡುವ ಹಿರಿಯರಿಗೆ ಹಿಂದಿನ ದಿನವೇ ಮನೆಗೆ ಹೋಗಿ ಹೇಳಿ: ಹೊಲ, ಸಾಲ, ಬಂಗಾರ, ಹಳೆಯ ಸಂಬಂಧ, ಇವು ನಾಲ್ಕೂ ಬರಬಾರದು. ಹೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಾವು ಹೇಳಲು ಸಂಕೋಚ ಪಡುತ್ತೇವೆ ಅಷ್ಟೇ.

ಆಹೇರಿ ಓದುವಾಗಲೂ ಹಾಗೇ. ಮೈಕ್‌ನಲ್ಲಿ ಇಂಥವರದು ಐದು ಸಾವಿರ, ಇಂಥವರದು ನೂರಾ ಒಂದು ಅಂತ ಕೂಗುವುದನ್ನು ಬಿಡಿ. ನೂರಾ ಒಂದು ಕೊಟ್ಟ ಕೂಲಿ ಮಾಡುವ ಅಕ್ಕ ಎಲೆ ಬಿಟ್ಟು ಎದ್ದು ಹೋದದ್ದನ್ನು ನಾನು ರಾಯಚೂರು ಕಡೆಯ ಒಂದು ಮದುವೆಯಲ್ಲಿ ಕಣ್ಣಾರೆ ನೋಡಿದ್ದೇನೆ. ವಹಿಯಲ್ಲಿ ಬರೆದರೆ ಸಾಕು. ರಾತ್ರಿ ಮೆರವಣಿಗೆಗೆ ಡಿಜೆ ಇಟ್ಟಿದ್ದರೆ 10 ಗಂಟೆಗೆ ಬಂದ್ ಆಗಬೇಕು ಅನ್ನುವುದು ಕಾನೂನು. ಪೊಲೀಸರು ಬಂದು ಮದುಮಗನ ಎದುರು ಬಂದ್ ಮಾಡಿಸುವ ತನಕ ಕಾಯಬೇಡಿ.

ವಿಡಿಯೋದವರ ಹತ್ತಿರ ಮುಂಗಡ ಕೊಡುವ ಮೊದಲೇ ಮಾತಾಡಿ. ಲೈವ್ ಅನ್‌ಲಿಸ್ಟೆಡ್ ಇರಬೇಕು. ತೆಗೆಯಿರಿ ಅಂದಾಗ ತೆಗೆಯಲು ಅವರ ಹುಡುಗನೊಬ್ಬನ ನಂಬರ್ ಬೇಕು. ಆಗುವುದಿಲ್ಲ ಅಂದರೆ ಲೈವೇ ಬೇಡ. ಬೆಂಗಳೂರಿನವರು ಬೇಕಾದರೆ ಬಸ್ಸು ಹತ್ತಿ ಬರಲಿ.

ಮದುವೆಯಾಗಿ ಮೂರನೇ ದಿನ ಆ ಹಿರಿಯರು ನಮ್ಮ ಮನೆಗೆ ಬಂದರು. ಅವರಿಗೆ ಯಾರೋ ಹೇಳಿದ್ದರು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರದೆ ಅಲ್ಲೇ ನಿಂತರು. ಅಪ್ಪ ಎದ್ದು ಹೋಗಿ ಅವರ ರಟ್ಟೆ ಹಿಡಿದು ಕರೆತಂದು ಕೂಡಿಸಿದ. ಇಬ್ಬರೂ ಚಹಾ ಕುಡಿದರು, ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅವರೇ ಅಪ್ಪನನ್ನು ಕರೆದುಕೊಂಡು ಬೀಗರ ಊರಿಗೆ ಹೋದರು. ಅವರ ಬಳಗದ ನಾಲ್ಕು ಹಿರಿಯರನ್ನು ಕೂಡಿಸಿ, ತಾನು ಆಡಿದ್ದು ತಪ್ಪು ಮಾತು, ಬಂಗಾರ ಅಜ್ಜಿಯದು, ನೀವು ಏನೂ ಕೇಳಿಲ್ಲ ಅಂತ ಬಾಯಿಬಿಟ್ಟು ಹೇಳಿದರು. ಬೀಗರು ಅವತ್ತು ನಮ್ಮ ಅಪ್ಪನ ಜೊತೆ ಕೂತು ಊಟ ಮಾಡಿದರು. ಆ ವಯಸ್ಸಲ್ಲಿ ಹಾಗೆ ತಪ್ಪು ಒಪ್ಪಿಕೊಂಡವರನ್ನು ನಾನು ಬೇರೆ ನೋಡಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಪಂಚಮಿಗೆ ತಂಗಿ ತವರಿಗೆ ಬಂದಳು. ಅಳಿಯಂದಿರೂ ಬಂದಿದ್ದರು, ಪಡಸಾಲೆಯಲ್ಲಿ ಅಪ್ಪನ ಜೊತೆ ಮಾತಾಡುತ್ತಾ ಕೂತಿದ್ದರು. ಅಡುಗೆ ಮನೆಯಲ್ಲಿ ತಂಗಿ ಅಜ್ಜಿಯ ಪಕ್ಕ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದಳು. ಅಜ್ಜಿ ಏನೂ ಕೇಳಿರಲಿಲ್ಲ. ಅವಳೇ ಬೆಲ್ಲ ಅಂಟಿದ ಕೈಯನ್ನು ತಟ್ಟೆಗೆ ಒರೆಸಿ, ಸಣ್ಣ ದನಿಯಲ್ಲಿ ಶುರು ಮಾಡಿದಳು.

"ಗವಿಮಠದ ಗುಡ್ಡದ ಮ್ಯಾಲೆ ಗಾಳಿಗಿ ನಂದದ ದೀಪ, ನಮ್ಮನಿಯವರ ಹೆಸರು ಹೇಳ್ತೀನಿ, ಯಾರೂ ಮಾಡಬ್ಯಾಡ್ರಿ ಕೋಪ."

ಆಮೇಲೆ ಹೆಸರು ಹೇಳಿದಳು. ಪಡಸಾಲೆಯಲ್ಲಿ ಮಾತು ನಿಂತಿತು. ಅಳಿಯಂದಿರಿಗೆ ಕೇಳಿಸಿತ್ತು.