ಮೊಸ್ಕೊಫಿಲೆರೊ: ಮೂಗಿಗೆ ಗುಲಾಬಿ, ಬಾಯಿಗೆ ನಿಂಬೆ

ಗ್ರೀಸಿನ ಕಡಲತೀರದ ಊರು ನಾಫ್ಲಿಯೊದಲ್ಲಿ ಜುಲೈ ಮಧ್ಯಾಹ್ನ ಕಲ್ಲುಹಾಸಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಅಂಥ ಹೊತ್ತಲ್ಲಿ ರೆಡ್ ವೈನ್ ನೆನೆಸಿಕೊಂಡರೇ ಬೆವರು ಬರುತ್ತದೆ. ಗ್ರೀಸಿನ ವೈಟ್ ವೈನ್ ಅಂದ ಕೂಡಲೇ ಎಲ್ಲರೂ ಸ್ಯಾಂಟೊರಿನಿ ದ್ವೀಪದ ಅಸಿರ್ಟಿಕೊ ಹೆಸರು ಹೇಳುತ್ತಾರೆ. ಅದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಸುಮ್ನೆ ನೆರಳಲ್ಲಿ ಕೂತು ಹರಟುತ್ತಾ ಎರಡು ಗ್ಲಾಸ್ ಕುಡಿಯಬೇಕು ಅಂದರೆ ನನ್ನ ಓಟು ಮೊಸ್ಕೊಫಿಲೆರೊಗೆ.

ಇದು ಗ್ರೀಸಿನ ದಕ್ಷಿಣ ಭಾಗವಾದ ಪೆಲೊಪೊನೀಸ್‌ನ ನಾಡ ದ್ರಾಕ್ಷಿ. ಆರ್ಕೇಡಿಯಾದ ತ್ರಿಪೊಲಿ ಊರಿನ ಹತ್ತಿರ ಮಾಂಟಿನಿಯಾ ಅಂತ ಒಂದು ಎತ್ತರದ ಬಯಲಿದೆ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲೆ. ಕೆಳಗೆ ಕಡಲತೀರ ಬೇಯುತ್ತಿದ್ದರೂ ಇಲ್ಲಿ ರಾತ್ರಿ ತಂಪು, ಹಾಗಾಗಿ ಹಣ್ಣು ನಿಧಾನಕ್ಕೆ ಮಾಗುತ್ತದೆ, ಕೊಯ್ಲು ಎಷ್ಟೋ ಸಲ ಅಕ್ಟೋಬರ್‌ವರೆಗೂ ಎಳೆಯುತ್ತದೆ, ಹುಳಿಯೂ ಹಾಗೇ ಉಳಿದುಕೊಳ್ಳುತ್ತದೆ. ಲೇಬಲ್ ಮೇಲೆ ಮಾಂಟಿನಿಯಾ ಅಂತ ಹಾಕಬೇಕಾದರೆ ಶೇ. 85ರಷ್ಟಾದರೂ ಈ ದ್ರಾಕ್ಷಿಯೇ ಇರಬೇಕು.

ತಮಾಷೆ ಏನಂದರೆ ಹಣ್ಣಿನ ಸಿಪ್ಪೆ ಹಸಿರಲ್ಲ, ಬೂದು ಬೆರೆತ ನಸುಗೆಂಪು. ಹಿಂಡಿ ಸಿಪ್ಪೆಯನ್ನು ಬೇಗ ಬೇರೆ ಮಾಡುವುದರಿಂದ ವೈನ್ ತಿಳಿಯಾಗಿ ಬರುತ್ತದೆ. ಕೆಲವರು ಸಿಪ್ಪೆ ಜೊತೆ ಸ್ವಲ್ಪ ಹೊತ್ತು ಬಿಡುತ್ತಾರೆ, ಆಗ ತುಸು ಗುಲಾಬಿ ಬಣ್ಣ, ಚೂರು ಒಗರು.

ಗ್ಲಾಸಿಗೆ ಮೂಗು ಹಿಡಿದರೆ ಗುಲಾಬಿ ದಳವನ್ನು ಅಂಗೈಯಲ್ಲಿ ಹೊಸಕಿದ ಹಾಗೆ. ಜೊತೆಗಿದ್ದ ನಮ್ಮಕ್ಕ ಮೂಸಿ ನೋಡಿ "ಅಯ್ಯೋ, ಇದು ಸಿಹಿ ವೈನು ಕಣೋ, ನಂಗೆ ಬೇಡ" ಅಂತ ಪಕ್ಕಕ್ಕೆ ತಳ್ಳಿದಳು. ಒಂದು ಗುಟುಕು ಕುಡಿ ಅಂತ ಗೋಗರೆದೆ. ಕುಡಿದಳು, ಹುಬ್ಬು ಮೇಲೆ ಹೋಯಿತು. ಸಿಹಿಯೇ ಇಲ್ಲ! ನಿಂಬೆ ಸಿಪ್ಪೆ, ಹಸಿರು ಸೇಬು, ಕೊನೆಗೆ ನಾಲಿಗೆ ಚುರುಕಾಗಿಸುವ ಹುಳಿ. ಆಮೇಲೆ ಬಾಟಲಿ ಅವಳ ಕಡೆಯೇ ಇತ್ತು. ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 12ರ ಆಸುಪಾಸು, ಹಾಗಾಗಿ ಊಟ ಮುಗಿಸಿ ಎದ್ದಾಗ ತಲೆ ಭಾರ ಅನ್ನಿಸಲಿಲ್ಲ.

ಕರಿದ ಕಲಮಾರಿಗೆ (ಸ್ಕ್ವಿಡ್) ನಿಂಬೆ ಹಿಂಡಿಕೊಂಡು ಇದರ ಜೊತೆ ತಿನ್ನಬೇಕು, ಫೆಟಾ ಚೀಸಿನ ಉಪ್ಪಿಗೂ ಸರಿಹೊಂದುತ್ತದೆ. ಸುಟ್ಟ ಕುರಿ ಮಾಂಸದ ಎದುರು ಮಾತ್ರ ನಿಲ್ಲುವುದಿಲ್ಲ, ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ದಪ್ಪ, ಬೆಣ್ಣೆಯಂಥ ವೈಟ್ ವೈನ್ ಇಷ್ಟಪಡುವವರಿಗೆ ಇದು ತೆಳು ಅನ್ನಿಸೀತು, ಅವರನ್ನು ಒಪ್ಪಿಸುವ ಉಸಾಬರಿ ನನಗಿಲ್ಲ.

ಇನ್ನೊಂದು ವಿಷಯ. ಇದನ್ನು ಕೂಡಿಡಬೇಡಿ, ಹೊಸದಾಗಿದ್ದಾಗಲೇ ಕುಡಿಯಬೇಕು, ಒಂದೆರಡು ವರ್ಷ ಅಷ್ಟೇ. ಮಾರನೇ ದಿನ ಇನ್ನೊಂದು ಟವೆರ್ನಾದಲ್ಲಿ (ಗ್ರೀಕ್ ಊಟದ ಹೋಟೆಲು) ನಾಲ್ಕು ವರ್ಷ ಹಳೆಯ ಬಾಟಲಿಯನ್ನು ಐಸಿನಲ್ಲಿ ಮುಳುಗಿಸಿ ತಂದುಕೊಟ್ಟರು. ಅಷ್ಟು ತಣ್ಣಗಿದ್ದರೆ ಯಾವ ವೈನಿನ ವಾಸನೆಯೂ ಏಳುವುದಿಲ್ಲ ಅಲ್ವಾ, 8ರಿಂದ 10 ಡಿಗ್ರಿ ಸಾಕು. ಐಸಿನಿಂದ ಹೊರಗಿಟ್ಟು ಕಾಲು ಗಂಟೆ ಕಾದೆವು. ಆದರೂ ಗುಲಾಬಿ ಬರಲಿಲ್ಲ. ಅಕ್ಕ ಅವತ್ತು ಬಿಯರ್ ತರಿಸಿಕೊಂಡಳು.