ಕಿರುಚಿತ್ರ ಮೂಡದಿದ್ದರೆ: ಜಿಡಿಯೋ, ಇಮೇಜ್‌ಮ್ಯಾಜಿಕೋ?

ವೆಬ್‌ಸೈಟಿನ ಫೋಟೊ ಗ್ಯಾಲರಿಯಲ್ಲಿ ಕಿರುಚಿತ್ರಗಳ (ಥಂಬ್‌ನೇಲ್‌ಗಳ) ಬದಲು ಖಾಲಿ ಚೌಕಗಳು ಕಾಣುತ್ತಿದ್ದರೆ ಮೊದಲು ವೆಬ್‌ಸೈಟ್ ನಡೆಸುವ ಪಿಎಚ್‌ಪಿ ಭಾಷೆಯ ದೋಷ ದಾಖಲೆ ನೋಡಿ. ಚಿತ್ರ ಕುಗ್ಗಿಸಲು ಪಿಎಚ್‌ಪಿಯ ಜಿಡಿ ಲೈಬ್ರರಿ ಬಳಸುವವರಿಗೆ ಹೆಚ್ಚಾಗಿ ಮೆಮೊರಿಯದೇ ತಕರಾರು. 6000×4000 ಪಿಕ್ಸೆಲ್‌ಗಳ ಜೆಪೆಗ್ ಕಡತ ಡಿಸ್ಕ್‌ನಲ್ಲಿ 8 ಎಂಬಿ ಇರಬಹುದು; ಬಿಚ್ಚಿದಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 96 ಎಂಬಿ ನುಂಗುತ್ತದೆ. ಪಿಎಚ್‌ಪಿಯ ಪೂರ್ವನಿಗದಿತ ಮಿತಿ 128 ಎಂಬಿ. ಪೂರ್ಣ ಚಿತ್ರವನ್ನೇ ತಿರುಗಿಸಲು ಹೊರಟರೆ ಎರಡನೇ ಪ್ರತಿಗೆ ಜಾಗವಿಲ್ಲ. ಮೊದಲು ಕುಗ್ಗಿಸಿ, ಆಮೇಲೆ ತಿರುಗಿಸಿ. ತಿರುಗಿಸದೆ ವಿಧಿಯಿಲ್ಲ, ಏಕೆಂದರೆ ಎಕ್ಸಿಫ್‌ನಲ್ಲಿರುವ (ಕ್ಯಾಮೆರಾ ಚಿತ್ರದೊಳಗೇ ಬರೆದಿಡುವ ಮಾಹಿತಿ) ದಿಕ್ಕಿನ ಸೂಚನೆಯನ್ನು ಜಿಡಿ ತಾನಾಗಿ ಪಾಲಿಸುವುದಿಲ್ಲ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ಚಿತ್ರದಲ್ಲಿ ಮದುಮಗ ಅಡ್ಡಡ್ಡ ಮಲಗಿರುತ್ತಾನೆ!

ಇದೇ ಕೆಲಸ ಮಾಡುವ ಇನ್ನೊಂದು ತಂತ್ರಾಂಶ ಇಮೇಜ್‌ಮ್ಯಾಜಿಕ್‌ನಲ್ಲಿ ಇದಕ್ಕೆ ‘ಆಟೊ-ಓರಿಯೆಂಟ್’ ಆಯ್ಕೆ ಸಾಕು. ಅದರ ಕಾಟವೇ ಬೇರೆ: ಕಡತ ಹಗುರಾಗಲಿ ಎಂದು ಹೆಚ್ಚುವರಿ ಮಾಹಿತಿ ತೆಗೆಯುವ ‘ಸ್ಟ್ರಿಪ್’ ಆಯ್ಕೆ ಹಾಕಿದರೆ ಬಣ್ಣಗಳನ್ನು ಹೇಗೆ ತೋರಿಸಬೇಕೆಂದು ಹೇಳುವ ಪ್ರೊಫೈಲೂ ಅಳಿಸಿಹೋಗಿ, ಅಡೋಬಿ ಆರ್‌ಜಿಬಿ ಎಂಬ ಬಣ್ಣ ವ್ಯವಸ್ಥೆಯ ಚಿತ್ರಗಳು ಪೇಲವವಾಗುತ್ತವೆ. ಮೊದಲೇ ವೆಬ್‌ನಲ್ಲಿ ರೂಢಿಯಲ್ಲಿರುವ ಎಸ್‌ಆರ್‌ಜಿಬಿಗೆ ಪರಿವರ್ತಿಸಿ.

ಹಲವು ವೆಬ್‌ಸೈಟ್‌ಗಳು ಒಂದೇ ಸರ್ವರ್ ಹಂಚಿಕೊಳ್ಳುವ ಹೋಸ್ಟಿಂಗ್‌ನಲ್ಲಿ ಜಿಡಿ ಮಾತ್ರ ಸಿಕ್ಕರೆ ಫೋಟೊಗಳನ್ನು ಮನೆಯಲ್ಲೇ ಕುಗ್ಗಿಸಿ ಏರಿಸಿ. ಸ್ವಂತ ಸರ್ವರ್ ಇದ್ದರೆ ನನ್ನ ಮತ ಇಮೇಜ್‌ಮ್ಯಾಜಿಕ್‌ಗೆ. ಸಾವಿರಗಟ್ಟಲೆ ಫೋಟೊಗಳಿದ್ದರೆ ಎರಡನ್ನೂ ಬಿಟ್ಟು, ಕಡಿಮೆ ಮೆಮೊರಿಯಲ್ಲಿ ಓಡುವ ಲಿಬ್‌ವಿಪ್ಸ್ ಎಂಬ ಚಿತ್ರ ಲೈಬ್ರರಿ ಹಿಡಿಯಿರಿ.