ಇ.ಸಿ.ಎಚ್.ಎಸ್. ರೆಫರಲ್ ಹಿಡಿದು ಬೆಂಗಳೂರಿಗೆ ಹೊರಟವರೇ, ಕೌಂಟರಿನಲ್ಲೇ ಹಳೇ ನಂಬರು ಹುಡುಕಿಸಿ

ಹಾಸನದ ಕಡೆಯ ಮಾಜಿ ಸೈನಿಕರ ಮನೆಯವರು ಇದನ್ನು ದಯವಿಟ್ಟು ಓದಿ. ಇ.ಸಿ.ಎಚ್.ಎಸ್., ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ಕಿನಲ್ಲಿ ರೆಫರಲ್ ಬರೆಸಿಕೊಂಡು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗುತ್ತೇವಲ್ಲ, ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮವರದ್ದೇ ಎರಡು ಫೈಲು ಇರಬಹುದು. ನಮ್ಮ ಮಾವನವರದ್ದು ಇತ್ತು. ಅದರಿಂದ ಅವರು ಐಸಿಯು ಸೇರಬೇಕಾಯಿತು.

ಮಾವ ಆರ್ಟಿಲರಿಯಲ್ಲಿ ಹವಾಲ್ದಾರರಾಗಿದ್ದವರು. ಕೆಲವು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನಿಗೆಂದು ಕೊಟ್ಟ ಅಯೋಡಿನ್ ಡೈ ಇಂಜೆಕ್ಷನ್ ಒಗ್ಗದೆ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿತ್ತು. ಆಗಿನ ಡಾಕ್ಟರು ಅಲರ್ಜಿ ಅಂತ ದಾಖಲು ಮಾಡಿಸಿದ್ದರು. ಸರಿ, ಕಂಪ್ಯೂಟರಿನಲ್ಲಿದೆ, ಇನ್ನು ಭಯವಿಲ್ಲ ಅಂದುಕೊಂಡೆವು.

ಈ ಸಲ ಹೋದಾಗ ಇ.ಸಿ.ಎಚ್.ಎಸ್.ನ ಹೊಸ 64 ಕೆಬಿ ಸ್ಮಾರ್ಟ್ ಕಾರ್ಡ್. ಮಿಲಿಟರಿ ದಾಖಲೆಯಲ್ಲಿ ಅವರ ಹೆಸರು ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ನಮ್ಮ ಕಡೆ ಇದು ಮನೆಮನೆ ಕಥೆ: ಭರ್ತಿಯಾದಾಗ ಬರೆದುಕೊಂಡವರು ಊರು, ಅಪ್ಪನ ಹೆಸರು, ಗೌಡ ಎಲ್ಲವನ್ನೂ ಹಿಂದುಮುಂದು ಮಾಡಿರುತ್ತಾರೆ. ಹುಟ್ಟಿದ ತಾರೀಕಂತೂ ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಅಂದಾಜಿಗೆ ಹಾಕಿದ್ದು. ಕೌಂಟರಿನವರು ಹೆಸರು ಹೊಡೆದು ನೋಡಿದರು, ಸಿಗಲಿಲ್ಲ, ಹೊಸ ಯು.ಎಚ್.ಐ.ಡಿ. (ಆಸ್ಪತ್ರೆಯವರು ರೋಗಿಗೆ ಕೊಡುವ ನಂಬರು) ಮಾಡಿಬಿಟ್ಟರು. ‘ಮುಂಚೆ ಇಲ್ಲಿಗೆ ಬಂದಿದ್ದೀರಾ?’ ಅಂತ ಒಂದು ಮಾತೂ ಕೇಳಲಿಲ್ಲ.

ಹೊಸ ಫೈಲಿನಲ್ಲಿ ಅಲರ್ಜಿಯ ಜಾಗದಲ್ಲಿ ‘ಇಲ್ಲ’ ಅಂತ ತಾನಾಗೇ ಬಂದಿತ್ತು. ಯಾರೂ ಕೇಳಿ ಬರೆದದ್ದಲ್ಲ. ತೋಪಿನ ಸದ್ದಿಗೆ ಮಾವನ ಕಿವಿ ಎಂದೋ ಮಂದವಾಗಿದೆ. ಸ್ಕ್ಯಾನ್ ರೂಮಿನ ಒಳಗೆ ಏನು ಕೇಳಿದರೂ ತಲೆ ಆಡಿಸುತ್ತಾರೆ. ನಮ್ಮನ್ನು ಹೊರಗೆ ಕೂರಿಸಿದ್ದರು. ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷಕ್ಕೆ ಮುಖ ಊದಿ ಬಿಪಿ ಕುಸಿಯಿತು. ದೇವರ ದಯೆ, ಅಲ್ಲಿದ್ದ ಡ್ಯೂಟಿ ಡಾಕ್ಟರು ಚುರುಕಾಗಿದ್ದರು. ಹಿಂದೆ ಒಮ್ಮೆ ಡೈ ಒಗ್ಗದಿದ್ದವರಿಗೆ ಡೈ ಇಲ್ಲದೆ ಸ್ಕ್ಯಾನ್ ಮಾಡುವುದೋ, ಮೊದಲೇ ಸ್ಟೀರಾಯ್ಡ್ ಕೊಡುವುದೋ, ದಾರಿಗಳಿವೆ. ಆದರೆ ಗೊತ್ತಿದ್ದರೆ ತಾನೇ?

ಹಳೇ ಫೈಲು ತೆಗೆಸೋಣ ಅಂತ ಹೋದರೆ ‘ಈ ಹೆಸರಿನವರು ಮೊದಲು ಬಂದೇ ಇಲ್ಲ’ ಅಂದರು! ಅತ್ತೆ ಟ್ರಂಕಿನಲ್ಲಿ ಇಟ್ಟಿದ್ದ ಹಳೇ ಡಿಸ್ಚಾರ್ಜ್ ಸಮ್ಮರಿ ತೋರಿಸಿದ ಮೇಲೆ ಬಾಯಿ ಮುಚ್ಚಿಕೊಂಡು ಹುಡುಕಿದರು. ಈ ಸಲದ ಕಾಗದ ಪತ್ರ ಕೇಳಿದರೆ, ಕ್ಯಾಶ್‌ಲೆಸ್ ಅಲ್ಲವಾ, ಎಲ್ಲ ಆನ್‌ಲೈನ್ ಹೋಗಿದೆ ಅಂದರು. ಹೋಗಿದ್ದು ಬಿಲ್ಲು ಪಾಸು ಮಾಡುವವರಿಗೆ, ನಮ್ಮ ಪಾಲಿಕ್ಲಿನಿಕ್ ಡಾಕ್ಟರಿಗಲ್ಲ. ಇಂಥ ಕಡೆ ಜಗಳ ಬೇಡ, ಅರ್ಜಿ ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ರೋಗಿ ಕೇಳಿದ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು. ಆ ನಿಯಮದ ಹೆಸರೆತ್ತಿದ ಮೇಲೆ ನಮಗೂ ಸಿಕ್ಕಿತು.

ಇನ್ನು ಆಭಾ, ಅದೇ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ. ‘14 ಅಂಕಿಯ ನಂಬರು ಇದೆಯಲ್ಲ, ಎಲ್ಲ ಅದರಲ್ಲಿರುತ್ತೆ’ ಅಂತ ನಮ್ಮ ಭಾವನೂ ನಂಬಿದ್ದರು. ದಾಖಲೆಗಳು ಆ ನಂಬರಿನೊಳಗೆ ಕೂತಿರುವುದಿಲ್ಲ, ಆಯಾ ಆಸ್ಪತ್ರೆಯಲ್ಲೇ ಇರುತ್ತವೆ. ಅವರು ಲಿಂಕ್ ಮಾಡಿ, ನಾವು ಒಪ್ಪಿಗೆ ಕೊಟ್ಟರೆ ಇನ್ನೊಬ್ಬ ಡಾಕ್ಟರಿಗೆ ಕಾಣುತ್ತವೆ. ನಮ್ಮ ಗ್ರಹಚಾರಕ್ಕೆ ಲಿಂಕ್ ಆಗಿದ್ದು ಹೊಸ ಫೈಲು, ಆ ‘ಇಲ್ಲ’ ಅನ್ನುವ ಸಾಲಿನ ಸಮೇತ. ಪಹಣಿಯಲ್ಲಿ ಹೆಸರು ತಪ್ಪು ಬಿದ್ದ ಹಾಗೆ, ಬೀಳುವುದು ಸಲೀಸು, ತಿದ್ದಿಸುವುದರಲ್ಲಿ ಜೀವ ಹೋಗುತ್ತೆ.

ಹಾಗಾಗಿ ಅಡ್ಮಿಟ್ ಆಗುವ ಮುಂಚೆಯೇ ಮೊಬೈಲ್ ನಂಬರು, ಸರ್ವಿಸ್ ನಂಬರು, ಎರಡೂ ಥರದ ಹೆಸರು ಕೊಟ್ಟು ಹುಡುಕಿಸಿ. ಎರಡು ಫೈಲು ಕಂಡರೆ ಸೇರಿಸಿ ಅಂತ ಬರವಣಿಗೆಯಲ್ಲೇ ಕೇಳಿ. ಅಲರ್ಜಿ ಇದ್ದರೆ ಪಾಲಿಕ್ಲಿನಿಕ್ ಡಾಕ್ಟರಿಂದ ರೆಫರಲ್ ಚೀಟಿಯ ಮೇಲೇ ಬರೆಸಿ. ಸ್ಕ್ಯಾನಿನ ಸಿ.ಡಿ. ಬಿಡಬೇಡಿ.

ಎರಡೂ ಫೈಲು ಸೇರಿಸಿ ತಿದ್ದಿದ ಪ್ರತಿ ಕೊಡುತ್ತೇವೆ ಅಂದಿದ್ದಾರೆ, ಇನ್ನೂ ಕೊಟ್ಟಿಲ್ಲ. ಮುಂದಿನ ರೆಫರಲ್ ಬೇರೆ ಆಸ್ಪತ್ರೆಗೆ ಬರೆಸಿಕೊಂಡಿದ್ದೇವೆ.